ರಾಯ್ಸ್ ಗೊಡೆಟ್‌ನ ಅರ್ಧ ವಾಕ್ಯ

ನವೆಂಬರ್ ತಿಂಗಳ ಶಾಲಾ ಮಂಡಳಿಯ ಸಭೆಯಲ್ಲಿ ರಾಯ್ಸ್ ಗೊಡೆಟ್ ಮೈಕಿನ ಮುಂದೆ ನಿಂತು ಹೇಳಿದ್ದು ಇಷ್ಟೇ:

"ನಮ್ಮ ಹೆಡ್‌ಮಾಸ್ಟರ್ ಆಲ್ಡನ್ ಥೇಯರ್ ಇದಾರಲ್ಲ, ಪ್ರತಿ ಮಂಗಳವಾರ ಸಂಜೆ, ಮಕ್ಕಳು ಇನ್ನೂ ಶಾಲೇಲಿ ಇರೋವಾಗ್ಲೇ, ಕೆಳಗೆ ಬಾಯ್ಲರ್ ಕೋಣೆಗೆ ಇಳಿದು, ಬಾಗಿಲು ಹಾಕ್ಕೊಂಡು..."

ಅಷ್ಟರಲ್ಲಿ ಮಂಡಳಿಯ ಅಧ್ಯಕ್ಷೆ ವೆರಾ ಕಿಂಬಲ್ ಮರದ ಸುತ್ತಿಗೆ ಎತ್ತಿ ಮೇಜು ಕುಟ್ಟಿದಳು. ಶಾಲೆಯ ನೌಕರರ ಹೆಸರೆತ್ತಿ ಸಾರ್ವಜನಿಕರು ಮಾತಾಡಕೂಡದು ಎಂಬ ನಿಯಮ ಇದೆ, ಕೂತ್ಕೊಳ್ಳಿ ಎಂದಳು. ರಾಯ್ಸ್ ಕೂರಲಿಲ್ಲ. ಅವನನ್ನು ಕೂರಿಸುವುದು ಅವನ ತಾಯಿಯ ಕೈಲೂ ಆಗಿರಲಿಲ್ಲ. ಯಾರೋ ಮೈಕ್ ಆರಿಸಿದರು. ಅವನು ಬರಿಯ ಗಂಟಲಿನಲ್ಲಿ ಶುರು ಮಾಡಿದ. ವೆರಾ ಇನ್ನಷ್ಟು ಕುಟ್ಟಿದಳು. ಕೊನೆಗೆ ಪೊಲೀಸ್ ಚೀಫ್ ಡ್ವೈಟ್ ಬಂದು, ಪಾಪ, ನಾಚಿಕೊಂಡೇ ಅವನ ಮೊಣಕೈ ಹಿಡಿದು ಆಚೆ ಕರೆದುಕೊಂಡು ಹೋದ. ಮರುದಿನ ರಾಯ್ಸ್‌ನ ಮನೆಗೆ ಆದೇಶ ಬಂತು. ಈ ಶಾಲಾ ವರ್ಷ ಮುಗಿಯುವ ತನಕ ಅವನು ಶಾಲೆಯ ಆವರಣಕ್ಕೆ ಕಾಲಿಡುವಂತಿಲ್ಲ, ಇಟ್ಟರೆ ಬಂಧನ.

ನಾನು ಅಲ್ಲೇ ಇದ್ದೆ. ಕಿಟ್ರಿಜ್ ಊರಿನಲ್ಲಿ ಏನಾದರೂ ನಡೆದರೆ ನಾನು ಅಲ್ಲಿರುತ್ತೇನೆ. ನಾನು ವಿನ್ನಿ ಕೋಲ್ಬಿ, ಮುಖ್ಯ ರಸ್ತೆಯಲ್ಲಿ ಕ್ಷೌರದಂಗಡಿ ಇಟ್ಟವಳು. ಗಂಡಸು, ಹೆಂಗಸು, ಮಗು ಎನ್ನದೆ ಊರಿನ ತಲೆಗಳೆಲ್ಲ ನನ್ನ ಕೈಕೆಳಗೆ ಬರುತ್ತವೆ. ಬಂದವರು ಬಾಯಿ ಬಿಡುತ್ತಾರೆ, ನಾನು ಕಿವಿ ಕೊಡುತ್ತೇನೆ. ಮೂಗು ತೂರಿಸುವವಳು ಎಂದು ಹಿಂದಿನಿಂದ ಅನ್ನುತ್ತಾರೆ. ಅನ್ನಲಿ. ಅದೇ ಜನ ಹಲವು ವರ್ಷಗಳಿಂದ ನನ್ನನ್ನು, ಊರಿನ ಮತದಾರರೆಲ್ಲ ಸೇರಿ ಶಾಲೆಯ ಬಜೆಟ್ ತೀರ್ಮಾನಿಸುವ ವಾರ್ಷಿಕ ಸಭೆಗೆ, ಸಭಾಪತಿಯಾಗಿ ಆರಿಸುತ್ತಲೂ ಬಂದಿದ್ದಾರೆ. ಮಾರ್ಚ್‌ನ ಒಂದು ಶನಿವಾರ, ಬೆಳಿಗ್ಗೆಯಿಂದ ಸಂಜೆಯವರೆಗೆ, ಅಷ್ಟೇ ನನ್ನ ಅಧಿಕಾರ.

ಆ ನಿಯಮದ ಬಗ್ಗೆಯೂ ಒಂದು ಮಾತು ಹೇಳಬೇಕು. ಅದು ಕೆಟ್ಟ ಮನಸ್ಸಿನಿಂದ ಹುಟ್ಟಿದ್ದಲ್ಲ. ಹಿಂದಿನ ವರ್ಷ ಯಾರೋ ಇದೇ ಮೈಕಿನ ಮುಂದೆ ನಿಂತು ಶಾಲೆಯ ಅಡುಗೆಯವಳನ್ನು ಹೆಸರು ಹಿಡಿದು ಬೈದಿದ್ದರು, ಪಿಜ್ಜಾ ಹಸಿಯಾಗಿರುತ್ತದೆ ಎಂದು. ಆಕೆ ಹಿಂದಿನ ಸಾಲಿನಲ್ಲಿ ಕೂತು ಅತ್ತಿದ್ದಳು. ಅವತ್ತೇ ಮಂಡಳಿಯ ಐದೂ ಜನ ಕೈ ಎತ್ತಿ ನಿಯಮ ಮಾಡಿದರು. ನಮಗೂ ಸರಿ ಅನ್ನಿಸಿತ್ತು. ಯಾರೂ ತಕರಾರು ಎತ್ತಲಿಲ್ಲ.

ಆದರೆ ಅರ್ಧ ವಾಕ್ಯ ಎನ್ನುವುದು ಬಲು ಕೆಟ್ಟ ಪದಾರ್ಥ. ಬಾಗಿಲು ಹಾಕಿಕೊಂಡು ಏನು? ಏನು ಮಾಡುತ್ತಾರೆ ಆಲ್ಡನ್ ಥೇಯರ್ ಆ ಕೋಣೆಯಲ್ಲಿ? ನನಗಂತೂ ಆ ರಾತ್ರಿ ನಿದ್ದೆ ಬರಲಿಲ್ಲ, ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ದಿನಸಿ ಅಂಗಡಿಯ ಆರ್ಲೀನ್ ಸ್ಪ್ರೇಗ್ ಮೊದಲು ತೀರ್ಮಾನ ಕೊಟ್ಟಳು. "ಬಾಟ್ಲಿ ಕಣೇ, ಇನ್ನೇನು? ಹೆಂಡ್ತಿ ಸತ್ತ ಮೇಲೆ ಒಂಟಿ ಗಂಡಸು. ಕೆಳಗೆ ಇಳಿದು ಎರಡು ಗುಟುಕು ಹಾಕಿ ಬರ್ತಾರೆ."

"ಅವರ ಬಾಯಲ್ಲಿ ವಾಸನೆ ಬಂದಿದ್ದು ನಾ ನೋಡಿಲ್ಲ" ಎಂದೆ.

"ವೋಡ್ಕಾಗೆ ವಾಸನೆ ಇರಲ್ಲ ಮಾರಾಯ್ತಿ!"

ಅಲ್ಲಿಂದ ಸುದ್ದಿಗೆ ರೆಕ್ಕೆ ಬಂತು. ಫೋನಿನಲ್ಲಿ ಯಾರದೋ ಹೆಂಡತಿಯ ಜೊತೆ ಮಾತಾಡುತ್ತಾರೆ ಎಂದರು. ಜೂಜು ಎಂದರು. ಬೆಚ್ಚಗಿನ ಕೋಣೆಯಲ್ಲಿ ದೀಪ ಹಚ್ಚಿ ಗಾಂಜಾ ಬೆಳೆಯುತ್ತಾರೆ ಎಂದ ಒಬ್ಬ. ಅಲ್ಲ, ಟೊಮೇಟೊ ಇರಬೇಕು ಎಂದ ಇನ್ನೊಬ್ಬ, ನಾವೆಲ್ಲ ನಕ್ಕೆವು. ಆಮೇಲೆ ನಗು ನಿಂತಿತು. 'ಮಕ್ಕಳು ಇನ್ನೂ ಶಾಲೆಯಲ್ಲಿ ಇರುವಾಗಲೇ' ಎಂದಿದ್ದನಲ್ಲ ರಾಯ್ಸ್, ಆ ಮಾತನ್ನು ಯಾರೋ ಮತ್ತೆ ಎತ್ತಿ ಹಿಡಿದರು. ಅದರ ಮೇಲೆ ಏನು ಕಟ್ಟಿದರು ಎಂಬುದನ್ನು ಬರೆಯಲು ನನ್ನ ಕೈ ಏಳುವುದಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಕೆಲವು ತಾಯಂದಿರು ಮಂಗಳವಾರದ ಬ್ಯಾಂಡ್ ಅಭ್ಯಾಸಕ್ಕೆ ಮಕ್ಕಳನ್ನು ಕಳಿಸುವುದು ನಿಲ್ಲಿಸಿದ್ದರು. ಕ್ರಿಸ್‌ಮಸ್ ಸಂಗೀತದ ಸಂಜೆ ಆಲ್ಡನ್ ಥೇಯರ್ ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರ ಎಡಕ್ಕೂ ಬಲಕ್ಕೂ ಕುರ್ಚಿ ಖಾಲಿ ಇದ್ದವು. ಹಿಂದೆ ಜನ ಗೋಡೆಗೆ ಒರಗಿ ನಿಂತಿದ್ದರು.

ರಾಯ್ಸ್‌ನನ್ನೇ ಕೇಳಿದರೆ ಆಯಿತಲ್ಲ ಎನ್ನುತ್ತೀರಿ. ಕೇಳದೆ ಬಿಟ್ಟೆನೇ? ಅವನು ಕೂದಲು ಕತ್ತರಿಸಿಕೊಳ್ಳಲು ಬಂದಾಗ ಕುತ್ತಿಗೆಗೆ ಬಟ್ಟೆ ಕಟ್ಟಿ, ಎದ್ದು ಹೋಗಲು ಆಗದ ಹಾಗೆ ಕುರ್ಚಿ ತಿರುಗಿಸಿಯೇ ಕೇಳಿದೆ.

"ಹೇಳಿಬಿಡೋ ಮಾರಾಯ. ಬಾಗಿಲು ಹಾಕ್ಕೊಂಡು ಏನ್ ಮಾಡ್ತಾರೆ?"

ರಾಯ್ಸ್ ಕನ್ನಡಿಯಲ್ಲಿ ನನ್ನನ್ನು ನೋಡಿ ಹಲ್ಲು ಕಿರಿದ. ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸ ಅವನಿಗೆ, ಕೂದಲು ತುಂಬ ಗರಗಸದ ಪುಡಿ.

"ಎಲ್ಲಿ ನಿಲ್ಲಿಸಿದ್ರೋ ಅಲ್ಲೇ ಮುಗಿಸ್ತೀನಿ ವಿನ್ನಿ. ಅಂಗಡಿ ಕಟ್ಟೆ ಮೇಲೆ ಪಿಸುಗುಟ್ಟೋಕೆ ನಾನೇನು ಕಳ್ಳನಾ? ಮೈಕ್ ಮುಂದೆ ಶುರು ಮಾಡಿದ್ದು, ಮೈಕ್ ಮುಂದೇನೇ ಮುಗೀಬೇಕು."

"ನನ್ನ ಕಿವಿಗೊಂದು ಹೇಳು."

"ನಿಮ್ಮ ಕಿವಿಗೆ ಹೇಳೋದೂ ಒಂದೇ, ರೇಡಿಯೋದಲ್ಲಿ ಹೇಳೋದೂ ಒಂದೇ."

"ಊರಲ್ಲಿ ಆ ಮನುಷ್ಯನ ಬಗ್ಗೆ ಏನೇನು ಮಾತಾಡ್ತಿದಾರೆ, ಗೊತ್ತೇನೋ?"

ಅವನ ಮುಖದ ನಗು ಸ್ವಲ್ಪ ಇಳಿಯಿತು. "ಅದನ್ನ ನಾನು ಹೇಳಿದ್ನಾ? ನನಗೆ ಮಾತು ಮುಗಿಸೋಕೆ ಬಿಟ್ಟಿದ್ರೆ ಅವತ್ತೇ ತೀರಿಹೋಗ್ತಿತ್ತು. ಬಾಯಿ ಮುಚ್ಚಿಸಿದ್ದು ವೆರಾ. ಹೋಗಿ ಅವಳನ್ನ ಕೇಳಿ."

ಆ ಗೊಡೆಟ್‌ಗಳ ಮನೆತನವೇ ಹಾಗೆ, ಪಟ್ಟು ಹಿಡಿದರೆ ಬಿಡುವುದಿಲ್ಲ. ಮೇಲಾಗಿ ಅವನಿಗೆ ಅದು ರುಚಿಸತೊಡಗಿತ್ತು. ಅವನು ಬಾಯಿ ತೆರೆದರೆ ಎದ್ದು ಹೋಗುತ್ತಿದ್ದವರೇ ಈಗ ಅವನಿಗೆ ಕಾಫಿ ಕೊಡಿಸಿ ಪಕ್ಕದಲ್ಲಿ ಕೂರುತ್ತಿದ್ದರು.

ಜನವರಿಯ ಮೊದಲ ಶನಿವಾರ ಆಲ್ಡನ್ ಥೇಯರ್ ಎಂದಿನಂತೆ ನನ್ನಲ್ಲಿಗೆ ಬಂದರು. ಒಳಗೆ ಇಬ್ಬರು ಕಾಯುತ್ತಿದ್ದರು, ಏನೋ ನೆನಪಾದವರ ಹಾಗೆ ಎದ್ದು ಹೊರಟುಹೋದರು. ಅವರು ಟೋಪಿ ಕೈಯಲ್ಲಿ ಹಿಡಿದು ಆ ಖಾಲಿ ಕುರ್ಚಿಗಳನ್ನು ನೋಡುತ್ತ ನಿಂತರು. ಕೂತ ಮೇಲೆ ನಾನು ಕತ್ತರಿ ಹಿಡಿದೆ. ಪ್ರಶ್ನೆ ನಾಲಗೆಯ ತುದಿಯಲ್ಲೇ ಇತ್ತು.

"ಏನ್ ಚಳಿ ಅಲ್ವಾ ಈ ಸಲ" ಎಂದೆ.

"ಹೌದು. ಜಾಸ್ತಿನೇ."

 ಆಮೇಲೆ ಅವರೇ ಹೇಳಿದರು. "ಮೇನ್ ರಾಜ್ಯದ ಒಂದು ಶಾಲೆಯವರು ಕರೀತಿದಾರೆ. ಹೋಗಲೋ ಬೇಡವೋ ಅಂತ ಯೋಚ್ನೆ. ಹನ್ನೊಂದು ವರ್ಷ ಆಯ್ತಲ್ಲ ಇಲ್ಲಿ."

"ಹೌದಾ? ಸಮುದ್ರ ಹತ್ತಿರ ಇರುತ್ತೆ" ಎಂದೆ.

ಅವರು ಕನ್ನಡಿಯೊಳಗಿಂದ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕಿವಿಯ ಸುತ್ತ ಬಹಳ ಜಾಗರೂಕತೆಯಿಂದ ಕತ್ತರಿಸಿದೆ. ಬೇರೆಯವರ ಬಗ್ಗೆ ಬೇರೆಯವರನ್ನು ಎಷ್ಟು ಬೇಕಾದರೂ ಕೇಳುತ್ತೇವೆ ನಮ್ಮ ಕಡೆ. ಆದರೆ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಅವನದೇ ವಿಷಯ ಕೇಳುವುದು ಅಸಭ್ಯ. ಅಮ್ಮ ಹಾಗೆ ಕಲಿಸಿದ್ದಳು, ಅವಳಿಗೆ ಅವಳ ಅಮ್ಮ.

ಫೆಬ್ರವರಿ ಕೊನೆಗೆ ವೆರಾ ಕಿಂಬಲ್ ನನ್ನ ಅಡುಗೆಮನೆಗೆ ಬಂದು ಕೂತಳು. ಅವಳೂ ನಾನೂ ಒಂದೇ ತರಗತಿಯಲ್ಲಿ ಓದಿದವರು. ಮಂಡಳಿಯ ಕೆಲಸಕ್ಕೆ ಸಂಬಳವಿಲ್ಲ, ಬೈಗುಳ ಮಾತ್ರ. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ವಾರ್ಷಿಕ ಸಭೆಗೆ ರಾಯ್ಸ್ ಬರ್ತಾನಂತೆ. ಒಳಗೆ ಬಿಡಬೇಡ" ಎಂದಳು.

"ಅದು ಹೇಗಾಗುತ್ತೆ? ವಾರ್ಷಿಕ ಸಭೆ ನಿನ್ನ ಮಂಡಳಿಯದ್ದಲ್ಲ ವೆರಾ, ಮತದಾರರದ್ದು. ಅವನೂ ಮತದಾರ. ಅವತ್ತು ನೀನೂ ಅವನೂ ಒಂದೇ."

"ಸಭೆ ನಡೆಯೋದು ಎಲ್ಲಿ? ಶಾಲೆಯ ಜಿಮ್ ಹಾಲ್‌ನಲ್ಲಿ. ಶಾಲೆಗೆ ಕಾಲಿಡಬಾರದು ಅಂತ ಆದೇಶ ಇದೆ."

"ಹಾಗಾದ್ರೆ ಸಭೆ ಚರ್ಚಿಗೆ ಹಾಕಬೇಕಿತ್ತು."

"ಈಗ ಆಗಲ್ಲ. ಜಾಗ, ಸಮಯ ಹಾಕಿ ನೋಟಿಸು ಅಂಟಿಸಿ ಆಯ್ತು." ಹೇಳಿ ನಾಲಗೆ ಕಚ್ಚಿಕೊಂಡಳು. ಐದು ಜನ ಮಂಡಳಿ, ಅವರಿಗೊಬ್ಬ ವಕೀಲ. ಒಬ್ಬರಿಗೂ ಆ ಆದೇಶ ಬರೆಯುವಾಗ ವಾರ್ಷಿಕ ಸಭೆ ಎಲ್ಲಿ ನಡೆಯುತ್ತದೆ ಎಂಬುದು ಹೊಳೆದಿರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ.

"ನಗಬೇಡ ಕಣೇ. ನಾನು ಆಲ್ಡನ್‌ನ ಕಾಪಾಡ್ತಿದೀನಿ."

"ಯಾವುದರಿಂದ? ರಾಯ್ಸ್ ಏನು ಹೇಳಬೇಕು ಅಂತಿದ್ದ, ನಿನಗೆ ಗೊತ್ತಾ?"

"ನನಗೇನು ಗೊತ್ತು" ಎಂದಳು ವೆರಾ. ಅಂದವಳು ಕಿಟಕಿಯ ಕಡೆ ತಿರುಗಿದಳು. ಕಾಫಿ ಮುಟ್ಟದೆ ಎದ್ದು ಹೋದಳು. ನನ್ನ ಕಾಫಿಯನ್ನು ಅವಳು ಹಾಗೆ ಬಿಟ್ಟು ಹೋದದ್ದು ಅದೇ ಮೊದಲು. ಇವಳಿಗೆ ಗೊತ್ತಿದೆ ಎನ್ನುವುದು ನನಗೆ ಅಲ್ಲಿಯೇ ಖಾತ್ರಿಯಾಯಿತು. ಗೊತ್ತಿದ್ದೂ ಊರು ಆ ಮನುಷ್ಯನನ್ನು ತಿನ್ನಲು ಬಿಟ್ಟಿದ್ದಾಳೆಯೇ? ಯಾಕೆ?

ಸಭೆಯ ದಿನ ಹಿಮ ಕರಗಿ ಶಾಲೆಯ ಅಂಗಳವೆಲ್ಲ ರಾಡಿ. ಜಿಮ್‌ನ ಹಿಂದಿನ ಗೋಡೆಯ ಪಕ್ಕ ಎಂಟನೇ ತರಗತಿಯ ಮಕ್ಕಳ ತಾಯಂದಿರು ಬೀನ್ಸ್ ಪಾತ್ರೆ, ಹ್ಯಾಮ್, ಹಣ್ಣು ತುಂಬಿ ಬೇಯಿಸಿದ ಪೈಗಳನ್ನು ಸಾಲಾಗಿ ಜೋಡಿಸಿದ್ದರು. ಸೇಬಿನ ಪೈಗೆ ಬರುವ ಸಭಿಕರು ಪ್ರತಿ ವರ್ಷ ಇರುತ್ತಾರೆ, ಆದರೆ ಈ ವರ್ಷದ ಗುಂಪು ಪೈಗೆ ಬಂದದ್ದಲ್ಲ. ಕುರ್ಚಿ ಸಾಲದೆ ಆಟ ನೋಡುವವರು ಕೂರುವ ಮರದ ಮೆಟ್ಟಿಲುಗಳ ಮೇಲೂ ಕೂತಿದ್ದರು. ಬಾಗಿಲಲ್ಲಿ ಡ್ವೈಟ್ ಕಾಲು ಅಗಲಿಸಿ ನಿಂತಿದ್ದ. ಅವನ ಮುಂದೆ, ಮೆಟ್ಟಿಲಿನ ಕೆಳಗೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ರಾಯ್ಸ್.

ನಾನು ಸುತ್ತಿಗೆ ಹಿಡಿದುಕೊಂಡೇ ಬಾಗಿಲಿಗೆ ಹೋದೆ.

"ಬಿಡೋ ಡ್ವೈಟ್, ಒಳಗೆ ಬರಲಿ."

"ವಿನ್ನಿ ಆಂಟಿ, ನನ್ನ ಕೈಲಿ ಆದೇಶ ಇದೆ."

"ನನ್ನ ಕೈಲಿ ಸುತ್ತಿಗೆ ಇದೆ. ಸಭೆ ಮುಗಿಯೋ ತನಕ ಈ ಜಿಮ್ ಮತದಾರರದ್ದು, ಬಾಗಿಲಲ್ಲಿ ಯಾರು ಬರಬೇಕು ಅಂತ ಹೇಳೋಳು ನಾನು. ಅವನು ಗಲಾಟೆ ಮಾಡಿದ್ರೆ ನಾನೇ ಹೇಳ್ತೀನಿ, ಆಗ ಎತ್ತಿ ಆಚೆ ಹಾಕು."

"ನೀವು ಹೇಳಿದ್ರಿ ಅಂತ ಬರ್ಕೊಳ್ಳಲಾ?"

"ದೊಡ್ಡ ಅಕ್ಷರದಲ್ಲಿ ಬರ್ಕೋ."

ಡ್ವೈಟ್ ಉಸಿರು ಬಿಟ್ಟು ಪಕ್ಕಕ್ಕೆ ಸರಿದ. ನಾನು ಮಾಡಿದ್ದು ಕಾನೂನಿನ ಪ್ರಕಾರ ಸರಿಯೇ. ಆದರೆ ಅರ್ಧ ಕಾನೂನು, ಅರ್ಧ ಕುತೂಹಲ. 

ಬಜೆಟ್ ಚರ್ಚೆಗೆ ಬಂತು. ಪುಸ್ತಕ, ಬಸ್ಸು, ಚಾವಣಿ ರಿಪೇರಿ ಎಲ್ಲವನ್ನೂ ಜನ ಉಸಿರು ಬಿಗಿಹಿಡಿದು ಸಹಿಸಿದರು. ಶಾಲೆಗೆ ಕಾವು ಕೊಡುವ ಬಾಯ್ಲರ್‌ನ ಎಣ್ಣೆಯ ಖರ್ಚು ಬಂದಾಗ ರಾಯ್ಸ್ ಎದ್ದು ಮೈಕಿನ ಹತ್ತಿರ ನಡೆದ. ಇಡೀ ಜಿಮ್‌ನಲ್ಲಿ ಕುರ್ಚಿಗಳು ಕಿರುಗುಟ್ಟಿದವು.

"ಎಣ್ಣೆ ಖರ್ಚಿನ ಬಗ್ಗೇನಾ?" ಎಂದು ಕೇಳಿದೆ. "ಬೇರೆ ಮಾತಿಗೆ ಈಗ ಅವಕಾಶ ಇಲ್ಲ."

"ಅದರ ಬಗ್ಗೇನೇ ಸಭಾಪತಿಗಳೇ."

ಅದರ ಬಗ್ಗೆಯೇ? ನನ್ನ ತಲೆಯೊಳಗಿನ ಬಾಟಲಿ, ಟೊಮೇಟೊ ಎಲ್ಲ ಒಮ್ಮೆಲೇ ಜಾಗ ಬಿಟ್ಟು ಕದಲಿದವು. ಅಷ್ಟರಲ್ಲಿ ಮಂಡಳಿಯ ವಕೀಲ ಎದ್ದು ನಿಂತ, ರಾಜಧಾನಿ ಕಾಂಕರ್ಡ್‌ನಿಂದ ಬಂದ ತೆಳ್ಳನೆಯ ಮನುಷ್ಯ. ಈ ವ್ಯಕ್ತಿ ನೌಕರರ ಹೆಸರೆತ್ತಲಿದ್ದಾನೆ, ನಿಯಮಬಾಹಿರ, ತಡೆಯಬೇಕು ಎಂದ.

"ಅದು ಮಂಡಳಿ ತನ್ನ ಸಭೆಗೆ ಮಾಡ್ಕೊಂಡ ನಿಯಮ" ಎಂದೆ. "ಇಲ್ಲಿ ನನ್ನ ನಿಯಮ ಎರಡೇ. ಮರ್ಯಾದೆಯಿಂದ ಮಾತಾಡಬೇಕು, ನನ್ನ ಕಡೆ ಮುಖ ಮಾಡಿ ಮಾತಾಡಬೇಕು. ನನ್ನ ತೀರ್ಮಾನ ತಪ್ಪು ಅನ್ನೋ ಮತದಾರರು ಕಾರ್ಡು ಎತ್ತಿ."

ಮತ ಹಾಕಲು ಬಾಗಿಲಲ್ಲಿ ಕೊಟ್ಟಿದ್ದ ಕಿತ್ತಳೆ ಬಣ್ಣದ ಕಾರ್ಡನ್ನು ವೆರಾ ಎತ್ತಿದಳು. ಮಂಡಳಿಯ ಉಳಿದವರು ಅವಳನ್ನು ನೋಡಿ ಒಬ್ಬೊಬ್ಬರಾಗಿ ಎತ್ತಿದರು. ಬೇರೆ ಯಾರೂ ಎತ್ತಲಿಲ್ಲ. ವೆರಾಳ ಮೇಲೆ ಕೋಪವೂ ಬಂತು, ಪಾಪ ಎಂದೂ ಅನ್ನಿಸಿತು.

ರಾಯ್ಸ್ ಗಂಟಲು ಸರಿಮಾಡಿಕೊಂಡ. ನವೆಂಬರ್‌ನಿಂದ ಕಾಯ್ದ ಮಾತು, ಮೊದಲಿಂದಲೇ ಶುರು ಮಾಡಿದ.

"ನಮ್ಮ ಹೆಡ್‌ಮಾಸ್ಟರ್ ಆಲ್ಡನ್ ಥೇಯರ್ ಪ್ರತಿ ಮಂಗಳವಾರ ಸಂಜೆ, ಮಕ್ಕಳು ಇನ್ನೂ ಶಾಲೇಲಿ ಇರೋವಾಗ್ಲೇ, ಕೆಳಗೆ ಬಾಯ್ಲರ್ ಕೋಣೆಗೆ ಇಳಿದು, ಬಾಗಿಲು ಹಾಕ್ಕೊಂಡು, ಬಾಯ್ಲರ್ ತಗ್ಗಿಸ್ತಾರೆ. ಮಗಳನ್ನ ಕರ್ಕೊಂಡು ಹೋಗೋಕೆ ಬಂದಾಗ ನಾನೇ ಕಣ್ಣಾರೆ ನೋಡಿದೀನಿ. ಆಮೇಲೆ ಬ್ಯಾಂಡ್ ಅಭ್ಯಾಸ ಮಾಡೋ ಮಕ್ಕಳು ಚಳೀಲಿ ಸಾಯ್ತಾರೆ. ನನ್ನ ಕೋರಾ ಉಣ್ಣೆ ಕೈಗವಸು ಹಾಕ್ಕೊಂಡು ಟ್ರಾಂಬೋನ್ ಊದ್ತಾಳೆ! ಎಣ್ಣೆಗೆ ನಾವು ದುಡ್ಡು ಕೊಟ್ಟಿದೀವಲ್ಲ, ಅದು ಎಲ್ಲಿ ಹೋಯ್ತು? ಇಷ್ಟೇ ನಾನು ಕೇಳಬೇಕು ಅಂತಿದ್ದದ್ದು."

 ಮೂರನೇ ಸಾಲಿನಿಂದ ಆರ್ಲೀನ್‌ಳ ದನಿ ಕೇಳಿಸಿತು, ಬಹಳ ನಿರಾಶೆಯಿಂದ: "ಅಷ್ಟೇನಾ?"

ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಒಂದು ಚಳಿಗಾಲವಿಡೀ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆವಲ್ಲ, ನಗು ಅಳತೆ ಮೀರಿ ಬಂತು. ಕಣ್ಣು ಒರೆಸಿಕೊಳ್ಳುವಾಗ ಆಲ್ಡನ್ ಥೇಯರ್ ಕಂಡರು. ಅವರು ಪಕ್ಕದ ಊರಿನ ನಿವಾಸಿ, ನಮ್ಮಲ್ಲಿ ಮತದಾರರಲ್ಲ, ಅದಕ್ಕೆ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಅವರು ನಗುತ್ತಿರಲಿಲ್ಲ. ಅವರು ಕೈ ಎತ್ತಿದ್ದರು. ಎಷ್ಟು ಹೊತ್ತಿನಿಂದ ಎತ್ತಿದ್ದರೋ.

"ಮತದಾರರಲ್ಲದವರು ಮಾತಾಡಬೇಕಾದ್ರೆ ಸಭೆಯ ಒಪ್ಪಿಗೆ ಬೇಕು" ಎಂದು ನಿಯಮದ ಮಾತು ಹೇಳಿದೆ.

"ನೌಕರರು ಒಳಗಿನ ವಿಷಯ ಮಾತಾಡೋ ಹಾಗಿಲ್ಲ" ಎಂದು ವಕೀಲ ಮತ್ತೆ ಎದ್ದ. "ಥೇಯರ್ ಅವರೇ, ನಿಮ್ಮ ಹಿತಕ್ಕೇ ಹೇಳ್ತಿದೀನಿ, ಕೂತ್ಕೊಳ್ಳಿ."

ಆದರೆ ಅಷ್ಟರಲ್ಲಿ ಕಾರ್ಡುಗಳು ಮೇಲೆದ್ದಿದ್ದವು. ಜಿಮ್ ತುಂಬ ಕಿತ್ತಳೆ ಬಣ್ಣ. ಮಂಡಳಿಯ ಸದಸ್ಯರಲ್ಲೇ ಒಬ್ಬ ವೆರಾಳ ಕಡೆ ನೋಡದೆ ತನ್ನ ಕಾರ್ಡು ಎತ್ತಿದ್ದ.

ಆಲ್ಡನ್ ಥೇಯರ್ ಮೈಕಿನ ಹತ್ತಿರ ಬಂದು ನನ್ನ ಕಡೆ ಮುಖ ಮಾಡಿ ನಿಂತರು.

"ರಾಯ್ಸ್ ಹೇಳಿದ್ದು ನಿಜ. ಮಂಗಳವಾರ ಮಾತ್ರ ಅಲ್ಲ, ದಿನಾ. ತರಗತಿ ಬಿಟ್ಟ ಕೂಡಲೇ ಬಾಯ್ಲರ್ ತಗ್ಗಿಸಬೇಕು ಅಂತ ಮಂಡಳಿ ನನಗೆ ಹೇಳಿತ್ತು. ಚಾವಣಿ ರಿಪೇರಿಗೆ ಖರ್ಚು ಮೀರಿಹೋಗಿತ್ತು, ಎಣ್ಣೆಯ ದುಡ್ಡು ಅಲ್ಲಿಗೆ ಹೋಯ್ತು. ಜನರಿಗೆ ಗೊತ್ತಾದ್ರೆ ಈ ವರ್ಷದ ಬಜೆಟ್ ಬಿದ್ದುಹೋಗುತ್ತೆ, ಹೊರಗೆ ಹೇಳಬೇಡಿ ಅಂದ್ರು. ನಾನು ಹೇಳಲಿಲ್ಲ."

ಗುಜುಗುಜು ಎದ್ದಿತು. ನಾನು ಕುಟ್ಟಿದೆ.

"ನವೆಂಬರ್ ಆದಮೇಲೆ ಪ್ರತಿ ತಿಂಗಳೂ ಕೇಳ್ಕೊಂಡೆ, ಆ ವಾಕ್ಯ ಮುಗಿಸೋಕೆ ನನಗಾದ್ರೂ ಅನುಮತಿ ಕೊಡಿ ಅಂತ. ನಿಮ್ಮ ರಕ್ಷಣೆಗೇ ಸುಮ್ಮನಿದೀವಿ ಅಂದ್ರು."

ಎಲ್ಲರೂ ವೆರಾಳ ಕಡೆ ತಿರುಗಿದರು. ಅವಳು ಮೇಜು ನೋಡುತ್ತ ಕೂತಿದ್ದಳು. "ಇಷ್ಟಕ್ಕೆ ಹೋಗುತ್ತೆ ಅಂತ ನಾನು ಎಣಿಸಿರಲಿಲ್ಲ" ಎಂದಳು, ಮೈಕ್ ಇಲ್ಲದೆ. "ಆಮೇಲೆ ಬಾಯಿ ಬಿಡೋದು ಹೇಗೆ ಅಂತ ತಿಳೀಲಿಲ್ಲ." ಹಿಂದಿನಿಂದ ಯಾರೋ ಅವಳಿಗೆ ಒರಟಾಗಿ ಕೂಗಿದರು. ಕೂಗಿದವನ ಹೆಸರು ಹಿಡಿದು ಕೂರಿಸಿದೆ. ಇವತ್ತು ಇನ್ನೊಬ್ಬರನ್ನು ಹರಿದು ತಿನ್ನಲು ನಾನು ಬಿಡುವವಳಲ್ಲ.

ರಾಯ್ಸ್ ಇನ್ನೂ ಮೈಕಿನ ಪಕ್ಕದಲ್ಲೇ ನಿಂತಿದ್ದ. ಅವನ ಕಿವಿ ಕೆಂಪಾಗಿದ್ದವು.

"ಸಾರ್," ಎಂದ, ನನ್ನ ಕಡೆ ಮುಖ ಮಾಡುವ ನಿಯಮ ಮರೆತು. "ಅದನ್ನ ಎಲ್ಲಾದ್ರೂ ಹೇಳಿಬಿಡಬಹುದಿತ್ತು ನಾನು. ಹಟಕ್ಕೆ ಬಿದ್ದೆ. ಜನ ಹಾಗೆ ಮಾತಾಡೋದು ಕೇಳಿಸ್ತಾ ಇತ್ತು, ಆದ್ರೂ ಹಟಕ್ಕೆ ಬಿದ್ದೆ."

"ಗೊತ್ತು ರಾಯ್ಸ್" ಎಂದರು ಆಲ್ಡನ್ ಥೇಯರ್.

ಆಗ ಆರ್ಲೀನ್ ಎದ್ದಳು. ವ್ಯಾಪಾರದ ಹೆಂಗಸು, ಅಂಗಡಿಯಲ್ಲಿ ಸಾಮಾನು ತೂಗುವಷ್ಟೇ ಚುರುಕಾಗಿ ಠರಾವು ಮಂಡಿಸಿದಳು. ಎಣ್ಣೆಯ ಹಣ ಎಣ್ಣೆಗೇ ಹೋಗಬೇಕು. ಹೆಡ್‌ಮಾಸ್ಟರು ಮೇನ್‌ಗೆ ಹೋಗುತ್ತಾರೆ ಎಂಬ ಸುದ್ದಿ ಇದೆ, ಹೋಗಬಾರದು, ಇಲ್ಲೇ ಇರಬೇಕು ಎಂದು ಊರು ಅವರನ್ನು ಕೇಳಿಕೊಳ್ಳುತ್ತದೆ. ಅನುಮೋದಿಸಲು ಒಂದೇ ಸಲ ಹತ್ತಾರು ಜನ ಕೂಗಿದರು. ಮತಕ್ಕೆ ಹಾಕಿದೆ. ಆ 'ಹೌದು' ಎಷ್ಟು ಜೋರಾಗಿ ಬಂತೆಂದರೆ ಅಡುಗೆಯ ಹೆಂಗಸರು ಪೈ ಬಿಟ್ಟು ಓಡಿಬಂದರು. ಡ್ವೈಟ್ ಕೂಡ ಬಾಗಿಲಲ್ಲಿ ಕಾರ್ಡು ಎತ್ತಿ ನಿಂತಿದ್ದ. ಕೆಲವರು ಚಪ್ಪಾಳೆ ತಟ್ಟಿದರು. ನಮ್ಮ ಊರು ಒಳ್ಳೆಯದು ಎಂದು ನನಗೆ ತುಂಬ ಹೆಮ್ಮೆ ಅನ್ನಿಸಿತು.

"ಥೇಯರ್ ಅವರೇ, ಕೇಳಿದ್ರಲ್ಲ. ಇರ್ತೀರಿ ತಾನೆ?" ಎಂದೆ.

ಅವರು ಮೈಕಿನ ಕಡೆ ಒಂದು ಹೆಜ್ಜೆ ಇಟ್ಟು ಚಪ್ಪಾಳೆ ನಿಲ್ಲುವವರೆಗೆ ಕಾದರು.

"ತುಂಬಾ ಸಂತೋಷ. ಆದ್ರೆ ಮೇನ್‌ನವರಿಗೆ ಒಪ್ಪಿಗೆ ಕೊಟ್ಟಾಯ್ತು, ಕಳೆದ ತಿಂಗಳೇ. ಕೊಡೋಕೆ ಮುಂಚೆ ಬಹಳ ದಿನ ಕಾದೆ ಸಭಾಪತಿಗಳೇ. ಯಾರಾದ್ರೂ ಒಬ್ಬರು ಬಂದು, ಆಲ್ಡನ್, ಆ ಕೋಣೇಲಿ ನೀವು ಏನ್ ಮಾಡ್ತೀರಿ ಅಂತ ಕೇಳ್ತಾರೆ, ಕೇಳಿದ್ರೆ ಕೆಲಸ ಹೋದ್ರೂ ಹೋಗಲಿ, ಹೇಳಿಬಿಡ್ತೀನಿ ಅಂದ್ಕೊಂಡಿದ್ದೆ. ಅಂಗಡೀಲಿ ನಿಂತೆ. ಚರ್ಚಲ್ಲಿ ಎಲ್ಲರೂ ಹೋಗೋ ತನಕ ಕೂತೆ. ಎಲ್ಲಾ ಕಡೆ ಹೋದೆ." ಅವರ ದನಿ ಏರಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು. "ಮಂಡಳಿ ಕಟ್ಟಿದ್ದು ನನ್ನ ಬಾಯಿ ಮಾತ್ರ. ನಿಮ್ಮ ಬಾಯಿ ಯಾರೂ ಕಟ್ಟಿರಲಿಲ್ಲವಲ್ಲ."

ಅವರು ಗೋಡೆಯ ಪಕ್ಕದ ಕುರ್ಚಿಗೆ ಹೋಗಿ ಕೂತರು.

  ಸಭಾಪತಿ ಎಂದ ಮೇಲೆ ಸಭೆ ನಡೆಸಲೇಬೇಕು, ಹಾಳೆ ತಿರುವಿ ಮುಂದಿನ ವಿಷಯ ಓದಿದೆ. ಆಟದ ಮೈದಾನದ ಬೇಲಿ ದುರಸ್ತಿ. ಓದಿ ಮುಗಿಸಿ, ಪ್ರತಿ ವಿಷಯಕ್ಕೂ ಕೇಳುವ ಹಾಗೆ ಕೇಳಿದೆ.

"ಯಾರಿಗಾದರೂ ಪ್ರಶ್ನೆ ಇದೆಯಾ?"

ಅಷ್ಟು ದೊಡ್ಡ ಜಿಮ್‌ನಲ್ಲಿ ಒಂದು ಕೈಯೂ ಮೇಲೇಳಲಿಲ್ಲ.